ಮಗಳ ಊರು ಎಷ್ಟು ದೂರ?

(ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಹಿಂದೆ ಕೂತಿರೋರು ಸ್ವಲ್ಪ ಮುಂದೆ ಬನ್ನಿ. ಇವತ್ತು ನನ್ನ ಕೈಯಲ್ಲಿ ಪುಸ್ತಕ ಇಲ್ಲ. ಒಂದು ಮಣ್ಣಿನ ಗಡಿಗೆ ಇದೆ. ಒಂದು ದಾರದ ಉಂಡೆ ಇದೆ. ಒಂದಿಷ್ಟು ಸುಣ್ಣ ಇದೆ. ಇಷ್ಟನ್ನೇ ಇಟ್ಟುಕೊಂಡು ನಾವು ಅಮೆರಿಕಾದ ದೂರ ಅಳೆಯೋಣ. ನಗಬೇಡಿ. ನಿಜವಾಗಿಯೂ ಅಳೆಯಬಹುದು.

ಈ ಮಾತು ಶುರುವಾದದ್ದು ಒಬ್ಬ ಅಕ್ಕನಿಂದ. ಅವರು ನಮ್ಮ ಕೇಂದ್ರದವರೇ. ಹೆಸರು ಹೇಳಲ್ಲ. ಅಗೋ, ಬಾಗಿಲ ಹತ್ತಿರ ಸೆರಗು ಬಾಯಿಗೆ ಇಟ್ಟುಕೊಂಡು ನಗ್ತಾ ಇದ್ದಾರೆ.

ಅವರ ಮಗಳು ಮದುವೆಯಾಗಿ ಅಮೆರಿಕಾಕ್ಕೆ ಹೋದಳು. ಸಾನ್ ಫ್ರಾನ್ಸಿಸ್ಕೋ ಅನ್ನೋ ಊರು. ಗಂಡ ಹೆಂಡತಿ ಇಬ್ಬರಿಗೂ ಅಲ್ಲಿ ಕಂಪ್ಯೂಟರ್ ಕೆಲಸ. ಮಗಳು ಬಸುರಿಯಾದಳು. "ಅಮ್ಮಾ, ಬಾಣಂತನಕ್ಕೆ ನೀನೇ ಬರಬೇಕು" ಅಂತ ಫೋನ್ ಮಾಡಿದಳು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರೋದು ನಮ್ಮ ಪದ್ಧತಿ. ಇಲ್ಲಿ ತವರೇ ಎದ್ದು ಮಗಳ ಮನೆಗೆ ಹೋಗಬೇಕಾಯಿತು.

ಅಕ್ಕನಿಗೆ ಸಂತೋಷ. ಅದರ ಹಿಂದೆಯೇ ಹೆದರಿಕೆ. ತಿರುಪತಿ ಬಿಟ್ಟರೆ ದೂರದ ಊರು ಕಂಡವರಲ್ಲ. ನೆಂಟರು ಒಬ್ಬೊಬ್ಬರು ಒಂದೊಂದು ಹೇಳಿದರು. "ಎರಡು ದಿನ ಸಮುದ್ರದ ಮೇಲೇ ಹಾರಬೇಕಂತೆ. ಕೆಳಗೆ ನೋಡಿದರೆ ಬರೀ ನೀರಂತೆ." ಒಂದು ಸಂಜೆ ನನ್ನ ಹತ್ತಿರ ಬಂದು ಕೇಳಿದರು.

"ಮೇಡಮ್ಮಾ, ನನ್ನ ಮಗಳು ನನ್ನಿಂದ ಎಷ್ಟು ದೂರದಲ್ಲವ್ಳೆ? ಸರಿಯಾಗಿ ಹೇಳಿ. ಬರ್ತೀನೋ ಇಲ್ವೋ ಅಂತ ಇವತ್ತು ರಾತ್ರಿ ಅವಳಿಗೆ ಹೇಳಬೇಕು."

ನಾನು ಏನು ಮಾಡಿದೆ ಗೊತ್ತೆ? ಈ ಗೋಡೆಯ ಮೇಲೆ ಪ್ರಪಂಚದ ಭೂಪಟ ಇದೆಯಲ್ಲ, ಅದರ ಮುಂದೆ ನಿಂತೆ. ಬೆಂಗಳೂರು ಬಲಗಡೆ. ಸಾನ್ ಫ್ರಾನ್ಸಿಸ್ಕೋ ಎಡಗಡೆ, ಅಂಚಿನ ಹತ್ತಿರ. ಅಳತೆ ಪಟ್ಟಿ ಇಟ್ಟು ನೇರ ಗೆರೆ ಎಳೆದೆ. ಆ ಗೆರೆ ಅರಬ್ಬಿ ಸಮುದ್ರ ದಾಟಿತು. ಆಫ್ರಿಕಾ ದಾಟಿತು. ಅಟ್ಲಾಂಟಿಕ್ ಮಹಾಸಾಗರ ದಾಟಿತು. ಆಮೇಲೆ ಅಮೆರಿಕಾ ದೇಶವನ್ನೂ ಪೂರ್ತಿ ದಾಟಿತು. ಲೆಕ್ಕ ಹಾಕಿ, "20,000 ಕಿಲೋಮೀಟರಿಗೂ ಮೇಲೆ ಅಕ್ಕಾ" ಅಂದೆ.

ಅವರ ಮುಖ ಸಪ್ಪಗಾಯಿತು. ಏನೂ ಮಾತಾಡದೆ ಎದ್ದು ಹೋದರು. ಆ ರಾತ್ರಿ ಮಗಳಿಗೆ "ನನ್ನ ಕೈಲಿ ಆಗಲ್ಲ ಕಣವ್ವ" ಅಂದುಬಿಟ್ಟರು. ಮಗಳು ಫೋನಿನಲ್ಲೇ ಅತ್ತಳಂತೆ.

ನಾನು ಹೇಳಿದ ಲೆಕ್ಕ ತಪ್ಪು. ಸಣ್ಣ ತಪ್ಪಲ್ಲ. ಆರು ಸಾವಿರ ಕಿಲೋಮೀಟರಿನ ತಪ್ಪು. ಅದು ನನಗೆ ತಿಳಿದದ್ದು ಎರಡು ವಾರ ಆದಮೇಲೆ. ಹೈಸ್ಕೂಲಿನ ಮೇಷ್ಟ್ರೊಬ್ಬರ ಹತ್ತಿರ ಈ ಮಾತು ಬಂತು. ಅವರು ನಕ್ಕರು. "ಭೂಮಿ ಚಪಾತಿ ಅಲ್ಲಮ್ಮ, ಮುದ್ದೆ. ಚಪಾತಿ ಮೇಲೆ ಅಳೆದರೆ ಹೀಗೇ ಆಗೋದು" ಅಂದರು. ಅವರ ಶಾಲೆಯಲ್ಲಿ ಒಂದು ಭೂಗೋಳ ಇತ್ತು, ಚೆಂಡಿನ ಹಾಗೆ ತಿರುಗೋದು. ಅದರ ಮೇಲೆ ದಾರ ಇಟ್ಟು ತೋರಿಸಿದರು. ನಮ್ಮ ಕೇಂದ್ರದಲ್ಲಿ ಭೂಗೋಳ ಇಲ್ಲ. ಅದಕ್ಕೇ ಗಡಿಗೆ ತಂದಿದ್ದೇನೆ. ಮುದ್ದೆ ಮೇಲೆ ಅಳೆಯೋಕೆ ಹೋದರೆ ದಾರ ಮುದ್ದೆಯನ್ನು ಕೊಯ್ದುಕೊಂಡು ಹೋಗುತ್ತೆ.

ಈಗ ನೋಡಿ. ಗಡಿಗೆಯನ್ನು ಬೋರಲು ಹಾಕಿದೆ. ತಳ ಮೇಲೆ ಬಂತು, ದುಂಡಗೆ ಇದೆ. ಇದೇ ಭೂಮಿ ಅಂತ ತಿಳಿಯಿರಿ. ಈ ನೆತ್ತಿ ಉತ್ತರ ಧ್ರುವ. ಅಂದರೆ ಭೂಮಿಯ ಮೇಲೆ ಉತ್ತರ ದಿಕ್ಕಿನ ಕೊನೆ. ಅಲ್ಲಿ ನೆಲ ಇಲ್ಲ, ಹೆಪ್ಪುಗಟ್ಟಿದ ಸಮುದ್ರ. ಈ ಕಡೆ ಸುಣ್ಣದಲ್ಲಿ ಒಂದು ಚುಕ್ಕೆ ಇಟ್ಟೆ. ಇದು ಬೆಂಗಳೂರು. ಸಾನ್ ಫ್ರಾನ್ಸಿಸ್ಕೋ ಎಲ್ಲಿ ಇಡಲಿ? ಪಕ್ಕದಲ್ಲಿ ಅಲ್ಲ. ಗಡಿಗೆಯ ಆ ಕಡೆ, ಬೆನ್ನಲ್ಲಿ. ನಮಗಿಂತ ಸ್ವಲ್ಪ ಮೇಲೆ.

ಅಕ್ಕಾ, ನೀವೇ ಬನ್ನಿ. ದಾರ ಹಿಡಿಯಿರಿ. ಮೊದಲು ಗಡಿಗೆಯ ಹೊಟ್ಟೆಯ ಸುತ್ತ ತನ್ನಿ. ನಾನು ಗೋಡೆ ಮೇಲೆ ಎಳೆದ ಗೆರೆ ಅದು. ಎಷ್ಟು ಉದ್ದ ಬಂತು? ಅಲ್ಲಿಗೆ ಒಂದು ಗಂಟು ಹಾಕಿ. ಈಗ ದಾರವನ್ನು ಮೇಲಿಂದ ತನ್ನಿ, ನೆತ್ತಿಯ ಪಕ್ಕದಿಂದ. ಎರಡು ಕಡೆಯೂ ಬಿಗಿಯಾಗಿ ಎಳೀರಿ. ದಾರ ತಾನೇ ಜಾರಿಕೊಂಡು ಹತ್ತಿರದ ದಾರಿ ಹಿಡಿಯುತ್ತೆ. ನೋಡಿ, ಗಂಟಿನವರೆಗೆ ಬರಲೇ ಇಲ್ಲ. ಮಿಕ್ಕಿದ ದಾರ ನಿಮ್ಮ ಕೈಯಲ್ಲೇ ಇದೆ.

ಆ ಮಿಕ್ಕಿದ ದಾರವೇ ನಾನು ಮಾಡಿದ ತಪ್ಪು.

ಹೀಗೆ ಬಿಗಿಯಾಗಿ ಎಳೆದ ದಾರದ ಉದ್ದವನ್ನೇ ಆಕಾಶದ ದಾರಿಯ ದೂರ ಅನ್ನೋದು. ಬೆಂಗಳೂರಿನಿಂದ ಸಾನ್ ಫ್ರಾನ್ಸಿಸ್ಕೋಗೆ ಈ ದೂರ ಸುಮಾರು 14,000 ಕಿಲೋಮೀಟರ್. ಹದಿನಾಲ್ಕು ಸಾವಿರ. ಸೊನ್ನೆ ಮೂರು, ಬರೆದುಕೊಳ್ಳಿ.

ಹದಿನಾಲ್ಕು ಸಾವಿರ ಅಂದರೆ ಎಷ್ಟು? ಬೆಂಗಳೂರಿಂದ ಮೈಸೂರಿಗೆ ಬಸ್ಸಿನಲ್ಲಿ ಹೋಗಿದ್ದೀರಿ. ಹೆಚ್ಚು ಕಡಿಮೆ 140 ಕಿಲೋಮೀಟರ್. ಅಂಥ ನೂರು ದಾರಿ ಸೇರಿಸಿದರೆ 14,000. ಇಡೀ ಭೂಮಿಯನ್ನು ಒಂದು ಸುತ್ತು ಹಾಕಿದರೆ ಸುಮಾರು 40,000 ಕಿಲೋಮೀಟರ್. ಭೂಮಿ ದುಂಡಗೆ ಇರೋದರಿಂದ ಯಾವ ಊರೂ ನಮ್ಮಿಂದ ಅರ್ಧ ಸುತ್ತಿಗಿಂತ ದೂರ ಇರೋಕೆ ಆಗಲ್ಲ. ಅಂದರೆ 20,000 ಕಿಲೋಮೀಟರ್. ಅಷ್ಟು ದೂರ ಹೋದಮೇಲೆ, ಮುಂದಿನ ಹೆಜ್ಜೆ ಇಟ್ಟರೆ ಮತ್ತೆ ನಮ್ಮ ಮನೆ ಕಡೆಗೇ ಬಂದ ಹಾಗೆ. ನಾನು ಅಕ್ಕನಿಗೆ ಹೇಳಿದ್ದ ಲೆಕ್ಕ ಅದಕ್ಕಿಂತಲೂ ಹೆಚ್ಚು. ಅಂಥ ದೂರದಲ್ಲಿ ಭೂಮಿಯ ಮೇಲೆ ಯಾವ ಊರೂ ಇಲ್ಲ!

ಭೂಪಟ ಸುಳ್ಳು ಹೇಳುತ್ತಾ ಅಂತ ನೀವು ಕೇಳಬಹುದು. ಸುಳ್ಳು ಅಲ್ಲ. ಮೂಸಂಬಿ ಸಿಪ್ಪೆ ಸುಲಿದು ನೆಲದ ಮೇಲೆ ಚಪ್ಪಟೆ ಮಾಡಿ ನೋಡಿ. ಅಲ್ಲಲ್ಲಿ ಹರಿಯುತ್ತೆ. ಹರಿಯದ ಹಾಗೆ ಮಾಡಬೇಕಾದರೆ ಮೇಲಿನ ಭಾಗ, ಕೆಳಗಿನ ಭಾಗ ಹಿಗ್ಗಿಸಬೇಕು. ಭೂಪಟ ಮಾಡೋರು ಹಾಗೇ ಹಿಗ್ಗಿಸುತ್ತಾರೆ. ಮೇಲುಗಡೆ ಗ್ರೀನ್‌ಲ್ಯಾಂಡ್ ಅಂತ ಒಂದು ಹಿಮದ ದ್ವೀಪ ಇದೆ. ಎಷ್ಟೋ ಭೂಪಟಗಳಲ್ಲಿ ಅದು ನಮ್ಮ ದೇಶಕ್ಕಿಂತ ಬಹಳ ದೊಡ್ಡದಾಗಿ ಕಾಣುತ್ತೆ. ನಿಜದಲ್ಲಿ ಭಾರತವೇ ಅದರ ಒಂದೂವರೆ ಪಟ್ಟು ದೊಡ್ಡದು.

ಇನ್ನು ಸಮುದ್ರದ ಮಾತು. ಎರಡು ದಿನ ನೀರಿನ ಮೇಲೇ ಹಾರಬೇಕು ಅಂದಿದ್ದರಲ್ಲ ನೆಂಟರು. ದಾರ ಎಲ್ಲೆಲ್ಲಿ ಹೋಗುತ್ತೆ ನೋಡೋಣ. ಬೆಂಗಳೂರಿಂದ ಉತ್ತರಕ್ಕೆ ಹೊರಡುತ್ತೆ. ನೇಪಾಳ, ಹಿಮಾಲಯ, ಟಿಬೆಟ್ಟು, ಮಂಗೋಲಿಯಾ. ಆಮೇಲೆ ರಷ್ಯಾ ದೇಶದ ಸೈಬೀರಿಯಾ. ಅಲ್ಲಿಂದ ಉತ್ತರದ ಹಿಮಸಾಗರದ ಅಂಚು. ಅದನ್ನು ದಾಟಿದರೆ ಅಮೆರಿಕಾಕ್ಕೇ ಸೇರಿದ ಅಲಾಸ್ಕಾ. ಕೊನೆಗೆ ಒಂದಿಷ್ಟು ಸಮುದ್ರ, ಆಮೇಲೆ ಮಗಳ ಊರು. ಹೆಚ್ಚಿನ ದಾರಿ ನೆಲದ ಮೇಲೇ.

ಆದರೆ ವಿಮಾನ ದಾರದ ಮೇಲೇ ಹೋಗುತ್ತಾ? ಇಲ್ಲ. ಇದು ಎರಡನೇ ಪಾಠ. ನಿಮ್ಮ ಮನೆಯಿಂದ ಹೊಲ ನೇರವಾಗಿ ಕಾಣುತ್ತೆ. ಆದರೂ ನೀವು ನೇರ ಹೋಗಲ್ಲ. ಮಧ್ಯೆ ಯಾರದೋ ಬೇಲಿ, ಒಂದು ಹಳ್ಳ, ಕೆಸರು. ಸುತ್ತಿಕೊಂಡು ಹೋಗ್ತೀರಿ. ಆಕಾಶದಲ್ಲೂ ಹಾಗೇ.

ಅಲ್ಲಿನ ಹಳ್ಳ ಕೊಳ್ಳ ಯಾವುದು? ಒಂದು, ಎತ್ತರದ ಬೆಟ್ಟ. ವಿಮಾನ ನೆಲದಿಂದ ಹತ್ತು ಹನ್ನೊಂದು ಕಿಲೋಮೀಟರ್ ಮೇಲೆ ಹಾರುತ್ತೆ. ಅಷ್ಟು ಮೇಲೆ ಉಸಿರಾಡೋಕೆ ಗಾಳಿ ಸಾಲದು. ವಿಮಾನದ ಒಳಗೆ ಗಾಳಿಯನ್ನು ಒತ್ತಿ ತುಂಬಿರುತ್ತಾರೆ. ಆ ಗಾಳಿ ಏನಾದರೂ ಸೋರಿಹೋದರೆ ಬೇಗನೆ ಮೂರು ಕಿಲೋಮೀಟರ್ ಎತ್ತರಕ್ಕೆ ಇಳಿದುಬಿಡಬೇಕು. ಹಿಮಾಲಯ, ಟಿಬೆಟ್ಟಿನ ಮೇಲೆ ಹಾಗೆ ಇಳಿಯೋಕೆ ಜಾಗ ಎಲ್ಲಿದೆ? ಎವರೆಸ್ಟ್ ಶಿಖರವೇ ಸುಮಾರು ಒಂಬತ್ತು ಕಿಲೋಮೀಟರ್. ಅದಕ್ಕೇ ಎಷ್ಟೋ ವಿಮಾನಗಳು ಆ ಕಡೆ ಹೋಗದೆ ಸುತ್ತಿ ಹೋಗುತ್ತವೆ. ಎರಡು, ಗಾಳಿ. ಎದುರು ಗಾಳಿಗೆ ಸೈಕಲ್ ತುಳಿದೋರಿಗೆ ಅದರ ಕಷ್ಟ ಗೊತ್ತು. ಹಿಂದಿನಿಂದ ತಳ್ಳೋ ಗಾಳಿ ಸಿಕ್ಕರೆ ದಾರಿ ಉದ್ದವಾದರೂ ಬೇಗ ಸೇರಬಹುದು, ಎಣ್ಣೆಯೂ ಉಳಿಯುತ್ತೆ. ಮೂರನೆಯದು ಬೇಲಿ. ಆಕಾಶಕ್ಕೂ ಬೇಲಿ ಇದೆ ಕಣ್ರಮ್ಮ! 2025ರ ಏಪ್ರಿಲ್ ತಿಂಗಳಲ್ಲಿ ಪಾಕಿಸ್ತಾನ ನಮ್ಮ ದೇಶದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ನಾವೂ ಅವರಿಗೆ ಮುಚ್ಚಿದೆವು. ದೆಹಲಿಯಿಂದ ಪಶ್ಚಿಮಕ್ಕೆ ಹೋಗೋ ನಮ್ಮ ವಿಮಾನಗಳು ಬಳಸಿ ಹೋಗಬೇಕಾಯಿತು. ಊರು ಇದ್ದಲ್ಲೇ ಇತ್ತು, ದೂರ ಮಾತ್ರ ಬೆಳೆಯಿತು.

ಇದಕ್ಕೆ ಒಂದು ನಿಜವಾದ ಹಾರಾಟವನ್ನೇ ಹೇಳುತ್ತೇನೆ. ಈ ಹಾರಾಟದ ಕಥೆ ನನಗೆ ಬಹಳ ಇಷ್ಟ.

2021ರ ಜನವರಿ. ಸಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ವಿಮಾನ ಮೊದಲ ಸಲ ಎಲ್ಲೂ ಇಳಿಯದೆ ನೇರವಾಗಿ ಬಂತು. ಅದನ್ನು ನಡೆಸಿದೋರು ನಾಲ್ಕು ಜನ ಹೆಣ್ಣುಮಕ್ಕಳು. ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವರೆ, ಶಿವಾನಿ ಮನ್ಹಾಸ್. ಜೋಯಾ ಅವರು ಮುಖ್ಯ ಚಾಲಕಿ. ನಮ್ಮ ಲೆಕ್ಕದ ದಾರ 14,000. ಅವರು ಹಾರಿದ್ದು ಸುಮಾರು 16,000 ಕಿಲೋಮೀಟರ್. ಗಡಿಗೆಯ ನೆತ್ತಿಯ ಮೇಲೇ, ಅಂದರೆ ಉತ್ತರ ಧ್ರುವದ ಮೇಲೇ ಹಾದು ಬಂದರು.

ಆ ದಾರಿ ಸುಲಭದ್ದಲ್ಲ. ಚಳಿಗಾಲದಲ್ಲಿ ನಮ್ಮ ಮನೆಯ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತಲ್ಲ, ಹಾಗೆ ವಿಮಾನದ ಎಣ್ಣೆಯೂ ಬಹಳ ಚಳಿಗೆ ಹೆಪ್ಪುಗಟ್ಟುತ್ತೆ. ಸೊನ್ನೆ ಡಿಗ್ರಿಗಿಂತ ನಲವತ್ತು ಡಿಗ್ರಿ ಕೆಳಗೆ ಹೋದರೆ ಜೋಪಾನ. ಹೊರಗಿನ ಚಳಿ ಅದಕ್ಕಿಂತಲೂ ಹೆಚ್ಚು. ಎಣ್ಣೆಯ ಬಿಸಿ ಎಷ್ಟಿದೆ ಅಂತ ಚಾಲಕರು ನೋಡುತ್ತಲೇ ಇರಬೇಕು. ದಿಕ್ಕು ತೋರಿಸೋ ಸೂಜಿ ಅಲ್ಲಿ ನೆಚ್ಚಿಕೊಳ್ಳೋ ಹಾಗಿಲ್ಲ, ಬೇರೆ ಉಪಕರಣ ನೋಡಿ ಹೋಗಬೇಕು. ಏನಾದರೂ ಆದರೆ ಇಳಿಯೋಕೆ ವಿಮಾನ ನಿಲ್ದಾಣಗಳೂ ಕಡಿಮೆ. ಅವರು ತಂದ ವಿಮಾನ ಬೋಯಿಂಗ್ 777ರಲ್ಲಿ ಬಹಳ ದೂರ ಹಾರೋ ಜಾತಿಯದು. ಅದರ ರೆಕ್ಕೆ, ಹೊಟ್ಟೆ ಸೇರಿ ಸುಮಾರು 1,80,000 ಲೀಟರ್ ಎಣ್ಣೆ ಹಿಡಿಯುತ್ತೆ. 12,000 ಲೀಟರಿನ ಟ್ಯಾಂಕರ್ ಲಾರಿ ಹದಿನೈದು ಸುರಿದರೆ ಅಷ್ಟು.

ಶನಿವಾರ, ಜನವರಿ 9ರ ರಾತ್ರಿ ಎಂಟೂವರೆಗೆ ಅಲ್ಲಿಂದ ಹೊರಟರು. ಬೆಂಗಳೂರಲ್ಲಿ ಇಳಿದಾಗ ಸೋಮವಾರ, ಜನವರಿ 11ರ ಬೆಳಗಿನ ಜಾವ ಮೂರು ಗಂಟೆ ದಾಟಿತ್ತು. ಹಾರಿದ್ದು ಸುಮಾರು 17 ಗಂಟೆ. ಹಾಗಾದರೆ ಭಾನುವಾರ ಎಲ್ಲಿ ಹೋಯಿತು?

ಭಾನುವಾರ ಎಲ್ಲೂ ಹೋಗಲಿಲ್ಲ. ನಮಗೆ ಸೂರ್ಯ ಮೊದಲು ಹುಟ್ಟುತ್ತಾನೆ, ಅವರಿಗೆ ಆಮೇಲೆ. ನಮ್ಮ ಗಡಿಯಾರ ಅವರದಕ್ಕಿಂತ ಹದಿಮೂರೂವರೆ ಗಂಟೆ ಮುಂದೆ. ಬೇಸಿಗೆಯಲ್ಲಿ ಅಲ್ಲಿಯವರು ತಮ್ಮ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಆಗ ಹನ್ನೆರಡೂವರೆ ಗಂಟೆ. ಅವರು ಶನಿವಾರ ರಾತ್ರಿ ಎಂಟೂವರೆಗೆ ಹೊರಟಾಗ ಇಲ್ಲಿ ನೀವು ಭಾನುವಾರ ಬೆಳಿಗ್ಗೆ ಹತ್ತು ಗಂಟೆಯ ತಿಂಡಿ ಪಾತ್ರೆ ತೊಳೀತಾ ಇದ್ದಿರಿ. ಆ ಹತ್ತಕ್ಕೆ ಹದಿನೇಳು ಕೂಡಿಸಿ. ಸೋಮವಾರದ ಬೆಳಗಿನ ಜಾವ ಮೂರು ಬರುತ್ತಾ ಇಲ್ವಾ?

ದೂರದ ಊರಲ್ಲಿ ಮಕ್ಕಳಿರೋ ತಾಯಂದಿರಿಗೆ ಈ ಲೆಕ್ಕ ಬೇಕೇ ಬೇಕು. ನಮ್ಮ ಅಕ್ಕ ಸಂಜೆ ದೀಪ ಹಚ್ಚಿ ಆರು ಗಂಟೆಗೆ ಮಗಳಿಗೆ ಫೋನ್ ಮಾಡುತ್ತಿದ್ದರು. ಅಲ್ಲಿ ಆಗ ಬೆಳಗಿನ ಜಾವ ನಾಲ್ಕೂವರೆ. ಬಸುರಿ ಹುಡುಗಿ ನಿದ್ದೆಗಣ್ಣಲ್ಲಿ ಏಳಬೇಕು. ಪಾಪ, ಅಮ್ಮನಿಗೆ ಹೇಳೋಕೂ ಸಂಕೋಚ. ಈಗ ಬೆಳಿಗ್ಗೆ ಎಂಟಕ್ಕೆ ಮಾಡುತ್ತಾರೆ. ಅಲ್ಲಿ ಹಿಂದಿನ ದಿನದ ಸಂಜೆ ಆರೂವರೆ, ಬೇಸಿಗೆಯಲ್ಲಿ ಏಳೂವರೆ. ಮಗಳು ಕೆಲಸ ಮುಗಿಸಿ ಕೂತಿರುತ್ತಾಳೆ.

ಸರಿ, ಕಥೆಗೆ ಬರೋಣ. ನಾನು ಗಡಿಗೆ, ದಾರ ತೆಗೆದುಕೊಂಡು ಅಕ್ಕನ ಮನೆಗೇ ಹೋದೆ. "ಅಕ್ಕಾ, ನಾನು ತಪ್ಪು ಹೇಳಿದ್ದೆ" ಅಂದೆ. ಇಲ್ಲಿ ಮಾಡಿದ ಹಾಗೇ ಮಾಡಿ ತೋರಿಸಿದೆ. ಅವರು ದಾರವನ್ನು ಎರಡು ಸಲ, ಮೂರು ಸಲ ಎಳೆದು ನೋಡಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ನನಗೇನಾದರೂ ಆದರೆ ಅವಳು ಬರೋಕೆ ಎಷ್ಟು ಹೊತ್ತು ಬೇಕು?"

ಆವಾಗ ನನಗೆ ಅರ್ಥವಾಯಿತು. ಅವರು ಮೊದಲ ದಿನ ಕೇಳಿದ್ದೂ ಇದನ್ನೇ. ಕಿಲೋಮೀಟರ್ ಅಲ್ಲ. "ಒಂದು ದಿನ, ಹೆಚ್ಚೆಂದರೆ ಒಂದೂವರೆ ದಿನ" ಅಂದೆ. ಅವರು ಯೋಚನೆ ಮಾಡಿದರು. "ನಮ್ಮಜ್ಜಿ ಎತ್ತಿನ ಗಾಡೀಲಿ ತವರಿಗೆ ಹೋಗೋಕೂ ಒಂದು ಹಗಲು, ಒಂದು ರಾತ್ರಿ ಆಗ್ತಿತ್ತು" ಅಂದರು. ಆ ರಾತ್ರಿ ಮಗಳಿಗೆ ಫೋನ್ ಹೋಯಿತು.

ವೀಸಾ ಕಾಗದಕ್ಕೆ ಓಡಾಡಿದ್ದು, ಟಿಕೇಟಿನ ದುಡ್ಡು, ಅದೆಲ್ಲ ಬೇರೆ ಕಥೆ. ಆ ದೂರ ಯಾವ ದಾರಕ್ಕೂ ಸಿಗಲ್ಲ. ಅದನ್ನು ಅವರ ಬಾಯಲ್ಲೇ ಇನ್ನೊಂದು ದಿನ ಕೇಳಿ.

ಅವರಿಗೆ ಸಿಕ್ಕಿದ್ದು ನೇರ ವಿಮಾನ ಅಲ್ಲ. ದುಬೈಯಲ್ಲಿ ಇಳಿದು ಇನ್ನೊಂದು ಹತ್ತೋದು. ಬೆಂಗಳೂರಿಂದ ದುಬೈಗೆ ಸುಮಾರು 2,700 ಕಿಲೋಮೀಟರ್. ದುಬೈಯಿಂದ ಸಾನ್ ಫ್ರಾನ್ಸಿಸ್ಕೋಗೆ ಸುಮಾರು 13,000. ಕೂಡಿಸಿ. 15,700. ಇದರಲ್ಲಿ ನೇರ ದಾರಿಯ 14,000 ಕಳೆಯಿರಿ. 1,700 ಉಳಿಯಿತು. ದುಬೈಗೆ ಹೋಗಿ ಹೋದದ್ದಕ್ಕೆ ಸುತ್ತು ಅಷ್ಟೇ. ಬೆಂಗಳೂರಿಂದ ದೆಹಲಿಗೆ ಆಕಾಶದ ದಾರಿ ಎಷ್ಟಿದೆಯೋ ಅಷ್ಟು. ದೆಹಲಿಗೆ ರೈಲಿನಲ್ಲಿ ಹೋದರೆ ಸುಮಾರು 2,400 ಕಿಲೋಮೀಟರ್, ಅದು ಬೇರೆ ಲೆಕ್ಕ. ರೈಲು ಬೆಟ್ಟ, ನದಿ, ಊರು ನೋಡಿಕೊಂಡು ಬಳಸಿ ಹೋಗಬೇಕು.

ದುಬೈಯಿಂದ ದಾರ ಎಳೆದರೆ ಇನ್ನೂ ಸೊಗಸು. ಸಾನ್ ಫ್ರಾನ್ಸಿಸ್ಕೋ ಅದರ ನೇರ ಬೆನ್ನಿಗೆ ಇದೆ. ದಾರ ಹೆಚ್ಚು ಕಡಿಮೆ ಧ್ರುವದ ಮೇಲೇ ಹೋಗುತ್ತೆ. ಅಕ್ಕನ ವಿಮಾನವೂ ಉತ್ತರದ ಕಡೆಗೇ ಹೋಯಿತು. ಕಿಟಕಿಯಿಂದ ನೋಡಿದರೆ ಕೆಳಗೆ ಬರೀ ಬಿಳಿ. ಮೋಡ ಅಂದುಕೊಂಡರಂತೆ. ಮೋಡ ಬಿರುಕು ಬಿಡಲ್ಲ. ಅದರಲ್ಲಿ ಕಪ್ಪು ಬಿರುಕು ಕಂಡಾಗ ಇದು ಹಿಮ, ಗಡಿಗೆಯ ನೆತ್ತಿ ಹತ್ತಿರ ಬಂದೆ ಅಂತ ತಿಳಿಯಿತಂತೆ. ಪಕ್ಕದ ಸೀಟಿನ ಹುಡುಗ ಕಾಲೇಜು ಓದಿದವನು. ಅವನಿಗೆ ಇವರೇ ಹೇಳಿದರಂತೆ!

ಅಷ್ಟು ಹೊತ್ತು ಕೂತರೆ ಕಾಲು ಊದಿಕೊಳ್ಳುತ್ತೆ. ಆಗಾಗ ಎದ್ದು ನಡೀಬೇಕು, ನೀರು ಕುಡೀತಾ ಇರಬೇಕು. ಅಕ್ಕ ಎಲ್ಲರಿಗೂ ಇದನ್ನು ಹೇಳಿ ಅಂತ ಹೇಳಿದ್ದಾರೆ, ಹೇಳಿದ್ದೇನೆ.

ಸೀಟಿನ ಮುಂದೆ ಒಂದು ಪುಟ್ಟ ಟಿವಿ ಇರುತ್ತೆ. ಅದರಲ್ಲಿ ವಿಮಾನ ಎಲ್ಲಿದೆ, ಇನ್ನೆಷ್ಟು ದೂರ ಇದೆ ಅಂತ ತೋರಿಸುತ್ತಾರೆ. "ಅಕ್ಷರ ಎಲ್ಲಾ ಇಂಗ್ಲಿಷು ಮೇಡಮ್ಮಾ, ಅಂಕಿ ಮಾತ್ರ ನಮ್ಮವೇ" ಅಂದರು ಅಕ್ಕ. ಕೇಂದ್ರದ ನೋಟ್ ಪುಸ್ತಕ ಚೀಲದಲ್ಲಿತ್ತು. ನಿದ್ದೆಯಿಂದ ಎದ್ದಾಗಲೆಲ್ಲ ಅಂಕಿ ನೋಡಿ ಬರೆದುಕೊಂಡರು.

ಆ ಪುಸ್ತಕ ಇಲ್ಲಿದೆ, ನೋಡಿ. ಮೊದಲು 11,240. ಆಮೇಲೆ 7,860. ಕಣ್ಣು ಮಿಟುಕಿಸುವಷ್ಟರಲ್ಲಿ 4,880 ಆಯಿತಂತೆ! ವಿಮಾನ ಇಷ್ಟು ಜೋರಾಗಿ ಓಡ್ತಾ ಇದೆಯಲ್ಲ ಅಂತ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡರಂತೆ. ಅದು ಮೈಲಿ. ಆ ಟಿವಿ ಒಮ್ಮೆ ಕಿಲೋಮೀಟರಿನಲ್ಲಿ ತೋರಿಸುತ್ತೆ, ಒಮ್ಮೆ ಮೈಲಿಯಲ್ಲಿ. ಒಂದು ಮೈಲಿ ಅಂದರೆ ಸುಮಾರು 1.6 ಕಿಲೋಮೀಟರ್. ಆ ಅಂಕಿಯನ್ನು ಅಕ್ಕ ಗೀಚಿ ಹಾಕಿದ್ದಾರೆ. ಅದರ ಕೆಳಗೆ 3,015. ಅದರ ಕೆಳಗೆ 90. ಇಲ್ಲಿ ಕೈ ನಡುಗಿದೆ, ಸೊನ್ನೆ ಸೊಟ್ಟಗಿದೆ.

ಪುಟದ ಕೊನೆಯಲ್ಲಿ ಇನ್ನೊಂದು ಅಂಕಿ ಇದೆ. ಹನ್ನೆರಡು ದಿನ ಆದಮೇಲೆ ಬರೆದದ್ದು. ಅದು ಕಿಲೋಮೀಟರ್ ಅಲ್ಲ. ಮೊಮ್ಮಗಳ ತೂಕ. 3 ಕೆಜಿ 100 ಗ್ರಾಂ.